ತೊಟ್ಟಿಲ ಕಂಬಳಿ

ಚಿತ್ರದುರ್ಗದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಂಜೆ ಹೊತ್ತು ಸೇರುವ ಹಿರಿಯರ ಬಳಗವೊಂದಿದೆ. ಮಂಡಿ ನೋವು, ಸಕ್ಕರೆ ಕಾಯಿಲೆ, ಸೊಸೆಯಂದಿರ ವಿಚಾರ ಎಲ್ಲ ಮಾತಾಡಿ ಮುಗಿದ ಮೇಲೆ ಅವರಿಗೆ ಒಂದು ಸಂಚಿಕೆ ತರೋಣ ಅನ್ನಿಸಿತು. ನೆಮ್ಮದಿಯ ಬದುಕಿಗೆ ಸರಳ ಪಾಠಗಳು ಎಂದು ತಲೆಬರಹವನ್ನೂ ಅವರೇ ಇಟ್ಟರು. ಬಾಲವಾಡಿ ಟೀಚರಾಗಿದ್ದವಳು, ನಾಲ್ಕಕ್ಷರ ಬಲ್ಲವಳು ಅಂತ ಅದನ್ನು ನನ್ನ ತಲೆಗೆ ಕಟ್ಟಿದರು. "ನೀವು ಯಾವಾಗ್ಲೂ ಸಮಾಧಾನವಾಗಿ ಇರ್ತೀರಲ್ರಿ ಮೇಡಂ, ಅದರ ಗುಟ್ಟು ಬರ್ಕೊಡ್ರಿ," ಎಂದರು. ಗುಟ್ಟಂತೆ ಗುಟ್ಟು! ನಾನೇನು ಉಪ್ಪಿನಕಾಯಿ ಹಾಕಿಟ್ಟಿದ್ದೇನೆಯೇ, ಜಾಡಿ ತೆಗೆದು ಬಡಿಸಲು?

ನಾನು ಸಮಾಧಾನದವಳಲ್ಲ. ನನ್ನ ಸಿಟ್ಟು ಹೇಗಿರುತ್ತದೆ ಎಂದು ನಮ್ಮ ಮನೆಗೆ ಹಾಲು ಹಾಕುವವನನ್ನು ಕೇಳಿದರೆ ಹೇಳುತ್ತಾನೆ. ಆದರೂ ಎರಡು ದಿನ ಕಾಗದ ಮುಂದಿಟ್ಟುಕೊಂಡು ಕೂತೆ. ಬೆಳಿಗ್ಗೆ ಬೇಗ ಏಳಿ, ಆಸೆ ಕಡಿಮೆ ಮಾಡಿ, ನಗುನಗುತ್ತಾ ಇರಿ, ಇಂಥದ್ದೆಲ್ಲ ಬರೆಯಲು ಕೈ ಬರಲಿಲ್ಲ. ನೆಮ್ಮದಿಯ ಬಗ್ಗೆ ನನಗೆ ಗೊತ್ತಿರುವುದು ಸ್ವಲ್ಪ. ಆ ಸ್ವಲ್ಪವನ್ನೂ ನಾನು ಕಲಿತದ್ದು ಸುಖದಲ್ಲಿ ಅಲ್ಲ, ದುಃಖದಲ್ಲೂ ಅಲ್ಲ. ಏನೂ ಅನ್ನಿಸದೇ ಇದ್ದ ಒಂದು ಚಳಿಗಾಲದಲ್ಲಿ, ನನ್ನ ಅತ್ತೆಯ ಪಕ್ಕ ಕೂತು ಕಲಿತದ್ದು. ಎಪ್ಪತ್ತರ ದಶಕದ ಮಾತು ಅದು.

ನನ್ನ ತವರು ಹೊಳಲ್ಕೆರೆ. ಅಪ್ಪ ಅಲ್ಲಿ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ನಮ್ಮದೂ ಹಿಂದೆ ಕುರಿ ಸಾಕುತ್ತಿದ್ದ ಮನೆತನವೇ. ಆದರೆ ಪೇಟೆ ಸೇರಿದ ಮೇಲೆ ಎಲ್ಲ ಬಿಟ್ಟುಹೋಗಿತ್ತು, ನನ್ನ ಪಾಲಿಗೆ ಕುರಿ ಅಂದರೆ ಬಸ್ಸಿಗೆ ಅಡ್ಡ ಬರುವ ಪ್ರಾಣಿ. ಮದುವೆಯಾಗಿ ಹೋದದ್ದು ಹಿರಿಯೂರಿನ ಹತ್ತಿರ ಬಬ್ಬೂರಿಗೆ. ಯಜಮಾನರು ಅಲ್ಲಿನ ಫಾರಂನಲ್ಲಿ ಹತ್ತಿ ಸಾಲಿಗೆ ನೀರು ಕಟ್ಟುತ್ತಿದ್ದರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ, ಅಷ್ಟೇ ಜನ. ಅತ್ತೆಯ ತವರು ಹೊಸದುರ್ಗದ ಆಚೆ, ಮಾಡದಕೆರೆ ಕಡೆಯ ಒಂದು ಹಳ್ಳಿ. ಅವರ ಅಣ್ಣ ಅಲ್ಲಿ ಕಂಬಳಿ ನೇಯುತ್ತಿದ್ದರು. ಅವರನ್ನು ನಾನು ದೊಡ್ಡಮಾವ ಎನ್ನುತ್ತಿದ್ದೆ.

ನಾನು ಬಸುರಿಯಾದ ಸುದ್ದಿ ತಿಳಿದು ದೊಡ್ಡಮಾವ ಒಂದು ಚೀಲ ಹೊತ್ತುಕೊಂಡು ಬಂದರು. ಒಳಗೆ ಕಪ್ಪು ಉಣ್ಣೆ. ಕುರಿಮರಿಗಳಿಗೆ ಮೊದಲ ಸಲ ಕತ್ತರಿ ಹಾಕಿದಾಗ ಸಿಗುವ ಉಣ್ಣೆ ಅದು, ಮೆತ್ತಗಿರುತ್ತದೆ, ದೊಡ್ಡ ಕುರಿಯದ್ದರ ಹಾಗೆ ಮೈಗೆ ಚುಚ್ಚುವುದಿಲ್ಲ. ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಚೊಚ್ಚಲ ಕೂಸಿಗೆ ಮರಿ ಉಣ್ಣೆಯಲ್ಲಿ ತೊಟ್ಟಿಲ ಕಂಬಳಿ ಮಾಡಬೇಕು. ನೂಲನ್ನು ಕೂಸು ಮಲಗುವ ಮನೆಯಲ್ಲೇ ತೆಗೆಯಬೇಕು, ನೇಯುವುದು ಅಜ್ಜಿಯ ತವರಿನಲ್ಲಿ ಆಗಬೇಕು. "ನೂತು ಕಳ್ಸು ತಂಗ್ಯವ್ವ, ಉಳಿದಿದ್ದು ನನಗ್ಬಿಡು," ಎಂದು ಹೇಳಿ ಅತ್ತೆಯ ಕೈಗೆ ಚೀಲ ಕೊಟ್ಟು ಹೋದರು. ಅತ್ತೆ ಅಟ್ಟದ ಮೇಲಿದ್ದ ರಾಟೆಯನ್ನು ಇಳಿಸಿ ಧೂಳು ಒರೆಸಿದರು.

ಬಾಣಂತನ ಹೊಳಲ್ಕೆರೆಯಲ್ಲಿ ಆಯಿತು. ಹೆಣ್ಣು ಕೂಸು. ಹೆಸರಿಟ್ಟಿದ್ದೆವು, ಅದನ್ನು ಇಲ್ಲಿ ಬರೆಯುವುದಿಲ್ಲ, ಪಾರ್ಕಿನವರಿಗೆ ಅದು ಬೇಕಾಗಿಲ್ಲ. ಐದನೇ ತಿಂಗಳಿಗೆ ಕೂಸನ್ನು ಎತ್ತಿಕೊಂಡು ಬಬ್ಬೂರಿಗೆ ಬಂದೆ. ಆಗ ಅತ್ತೆ ಚೀಲದಲ್ಲಿ ಅರ್ಧದಷ್ಟು ನೂತಿದ್ದರು. ದೀಪಾವಳಿ ಕಳೆದ ಮೇಲೆ ಕೂಸಿಗೆ ಜ್ವರ ಬಂತು. ಹಿರಿಯೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರು ಮಾಡುವುದನ್ನೆಲ್ಲ ಮಾಡಿದರು. ಕೂಸು ಉಳಿಯಲಿಲ್ಲ.

ನಮ್ಮ ಕಡೆ ಹಲ್ಲು ಮೂಡದ ಕೂಸು ಹೋದರೆ ಊರೂರಿಗೆ ಸುದ್ದಿ ಕಳಿಸುವುದಿಲ್ಲ. ದಿನ ಇಲ್ಲ, ಎಡೆ ಇಲ್ಲ, ನೆಂಟರು ಬಂದು ಕೂರುವುದೂ ಇಲ್ಲ. ಮಣ್ಣು ಮಾಡಿ ಬಂದು ಕೈಕಾಲು ತೊಳೆದರೆ ಮುಗಿಯಿತು. ಹೊಳಲ್ಕೆರೆಗೆ ಮಾತ್ರ ಯಜಮಾನರು ತಾವೇ ಹೋಗಿ ಹೇಳಿ ಬಂದರು. ಬೇರೆ ಯಾರಿಗೂ ಹೇಳಲಿಲ್ಲ.

ನನಗೆ ಏನೂ ಅನ್ನಿಸಲಿಲ್ಲ. ಕೇಳಿದರೆ ಯಾರೂ ಇದನ್ನು ನಂಬುವುದಿಲ್ಲ, ತಾಯಿಯಾದವಳಿಗೆ ಹಾಗಾಗುತ್ತದೆಯೇ ಎನ್ನುತ್ತಾರೆ. ಆಗುತ್ತದೆ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ನೀರು ಹಾಕಿದೆ. ಕೊಡ ಹೊತ್ತು ನೀರು ತಂದೆ. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ಹಾಲು ಇಂಗಲಿ ಅಂತ ಅತ್ತೆ ಮಲ್ಲಿಗೆ ಮೊಗ್ಗು ತಂದು ಬಟ್ಟೆಯಲ್ಲಿಟ್ಟು ಎದೆಗೆ ಕಟ್ಟಿದರು. ದಿನಾ ಸಂಜೆ ಬಾಡಿದ್ದನ್ನು ತೆಗೆದು ಹೊಸದು ಕಟ್ಟುತ್ತಿದ್ದರು. ಮನೆಯೆಲ್ಲ ಮದುವೆ ಮನೆಯ ವಾಸನೆ. ನಾನು ಕಂಬದ ಹಾಗೆ ನಿಂತು ಕಟ್ಟಿಸಿಕೊಳ್ಳುತ್ತಿದ್ದೆ. ಅದಾದ ಮೇಲೆ ನಾನು ಮಲ್ಲಿಗೆ ಮುಡಿದಿಲ್ಲ. ಯಾರಾದರೂ ಅರಿಶಿನ ಕುಂಕುಮಕ್ಕೆ ಕರೆದು ಮಲ್ಲಿಗೆ ಕೊಟ್ಟರೆ ತಂದು ದೇವರ ಪಟಕ್ಕೆ ಹಾಕಿಬಿಡುತ್ತೇನೆ.

ಬೀದಿಯ ಹೆಂಗಸರು ಬಂದರು. ನಾನು ಅಳುತ್ತಿಲ್ಲ ಎಂಬುದು ಅವರಿಗೆ ದೊಡ್ಡ ಚಿಂತೆ. "ಅತ್ಬಿಡವ್ವ, ಅಳ್ದಿದ್ರೆ ಎದೆ ಒಡೀತೈತೆ." "ಆ ಕೂಸಿನ ಮಕ ನೆನಸ್ಕಳವ್ವ, ತಾನೇ ಬರ್ತೈತೆ." ಒಬ್ಬಾಕೆ ಕೂಸಿನ ಕುಲಾವಿಯನ್ನೇ ತಂದು ನನ್ನ ಮಡಿಲಿಗೆ ಹಾಕಿದಳು. ನಾನು ಅದನ್ನು ಮಡಿಚಿ ಪಕ್ಕಕ್ಕಿಟ್ಟೆ. ಅತ್ತೆ ಒಳಗಿಂದ ಬಂದವರೇ, "ಅವ್ಳಿಗೆ ಬಂದಾಗ ಅಳ್ತಾಳೆ. ನಿಮಗ್ಯಾಕ್ರೇ ಅವಸರ? ಎದ್ದೋಗ್ರಿ, ಒಲೆ ಮೇಲೆ ಏನಿಟ್ಟಿದ್ರೋ ನೋಡ್ಕಳ್ರಿ," ಎಂದು ಅವರನ್ನು ಎಬ್ಬಿಸಿ ಕಳಿಸಿದರು. ಆವತ್ತಿನಿಂದ ಅವರ್‍ಯಾರೂ ಬರಲಿಲ್ಲ. ಪಾಠ ಬೇಕೆಂದವರು ಬೇಕಾದರೆ ಇದನ್ನು ಬರೆದುಕೊಳ್ಳಲಿ. ಅಳು ಅಂತಾಗಲಿ ನಗು ಅಂತಾಗಲಿ ಇನ್ನೊಬ್ಬರಿಗೆ ಹೇಳಬಾರದು.

ಊಟಕ್ಕೆ ಮಾತ್ರ ಅತ್ತೆ ಬಿಡುತ್ತಿರಲಿಲ್ಲ. ಮುದ್ದೆ, ಸಾರು ಮುಂದಿಟ್ಟು, "ಉಣ್ಣು," ಎನ್ನುತ್ತಿದ್ದರು.

"ಹಸಿವಿಲ್ಲ ಅತ್ತೆ."

"ಹಸಿವು ಯಾರ್ ಕೇಳಿದ್ರು? ಉಣ್ಣು."

ಉಣ್ಣುತ್ತಿದ್ದೆ. ಬಿಸಿಯೋ ತಣ್ಣಗೋ, ಉಪ್ಪಿದೆಯೋ ಇಲ್ಲವೋ, ಏನೂ ತಿಳಿಯುತ್ತಿರಲಿಲ್ಲ. ಒಂದು ದಿನ ರೊಟ್ಟಿ ಬೇಯಿಸುವಾಗ ಹೆಂಚಿನ ಮೇಲೆ ಕೈ ಇಟ್ಟಿದ್ದೆ. ಚರ್ಮ ಸುಟ್ಟ ವಾಸನೆ ಬಂದ ಮೇಲೆ ಅತ್ತೆ ಓಡಿಬಂದು ಕೈ ಎಳೆದರು. ನನಗೆ ಗೊತ್ತೇ ಆಗಿರಲಿಲ್ಲ. ಯಜಮಾನರು ಫಾರಂನಿಂದ ಬಂದು ಆ ಕೈ ನೋಡಿ, ಹೋಗಿ ಹಿತ್ತಲಲ್ಲಿ ನಿಂತರು. ಅವರು ಮೊದಲೇ ಮಾತು ಕಡಿಮೆ. ಆಮೇಲಂತೂ ಇಬ್ಬರೂ ಒಂದೇ ಸೂರಿನಡಿ ಇದ್ದೇವೆ ಅನ್ನುವುದು ಊಟದ ಹೊತ್ತಿಗೆ ಮಾತ್ರ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ನಮ್ಮಣ್ಣ ಹೊಳಲ್ಕೆರೆಯಿಂದ ಬಂದ. ಅಮ್ಮ ಹೊರಕೆರೆದೇವಪುರಕ್ಕೆ ಹೋಗಿ ಹರಕೆ ಕಟ್ಟಿಕೊಂಡಿದ್ದಳಂತೆ. ಅಣ್ಣ ತಂದ ಪ್ರಸಾದವನ್ನು ನನ್ನ ಕೈಗೆ ಹಾಕಲು ಹೋಗಿ ಸುಟ್ಟ ಗಾಯ ನೋಡಿದ.

"ಅತ್ತೆ, ಇವಳನ್ನ ಕರ್ಕೊಂಡೋಗ್ತೀನಿ," ಎಂದ. "ಇಲ್ಲೇ ಬಿಟ್ರೆ ಇವಳು ನಮಗೆ ಸಿಗಲ್ಲ."

"ಎಷ್ಟು ದಿನಕ್ಕಪ್ಪ?"

"ಅದನ್ನ ಈಗ ಹೇಳಕ್ಕಾಗಲ್ಲ. ವಾಪಸ್ ಕಳ್ಸೋ ಮಾತು ಮುಂದೆ ನೋಡಾಣ."

ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಗೆ ತವರಿಗೆ ಹೋದವರು ಮರಳಿ ಬರುವುದು ಅಪರೂಪ. ನಮ್ಮ ಹಿಂದಿನ ಬೀದಿಯಿಂದ ಹೋದ ಒಬ್ಬಳ ಗಂಡನಿಗೆ ವರ್ಷ ತುಂಬುವುದರೊಳಗೆ ಬೇರೆ ಮದುವೆಯಾಗಿತ್ತು. ನಮ್ಮ ಬೀದಿಯಲ್ಲೂ ಆಗಲೇ ಪಿಸುಮಾತು ಶುರುವಾಗಿತ್ತು. ಹೋದರೆ ಈ ಮನೆ ಮುಗಿಯಿತು, ಅದು ನನಗೂ ಗೊತ್ತಿತ್ತು. ಆದರೆ ಯಾರೋ ಬೇರೆಯವಳ ವಿಷಯ ಮಾತಾಡುತ್ತಿದ್ದಾರೆ ಅನ್ನುವ ಹಾಗೆ ಕೇಳಿಸಿಕೊಂಡೆ. ಹೋಗು ಅಂದರೆ ಹೋಗುತ್ತಿದ್ದೆ, ಇರು ಅಂದರೆ ಇರುತ್ತಿದ್ದೆ. ಯಜಮಾನರು ಬಾಗಿಲ ಕಂಬಕ್ಕೆ ಒರಗಿ ನಿಂತು ನೆಲ ನೋಡುತ್ತಿದ್ದರು.

ಅತ್ತೆ ಹೇಳಿದರು: "ಕರ್ಕೊಂಡೋಗು. ಹೆತ್ತೋರು ಕರೆದ್ರೆ ನಾನ್ ತಡೆಯಕ್ಕಾಗಲ್ಲ. ಆದ್ರೆ ನೂಲು ಅರ್ಧಕ್ಕೆ ನಿಂತೈತೆ. ಅದನ್ನ ಮುಗಿಸಿ ಬರ್ಲಿ."

"ಯಾತಕ್ಕೆ ಅತ್ತೆ ಇನ್ನು ಆ ನೂಲು?"

"ಶುರು ಮಾಡಿದ್ದಲ್ವೇನಪ್ಪ," ಎಂದರು ಅತ್ತೆ. ಅಣ್ಣ ಗೊಣಗಿಕೊಂಡು, ಸಂಕ್ರಾಂತಿ ಕಳೆದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೊರಟ.

ಮರುದಿನ ಮಧ್ಯಾಹ್ನ ಅತ್ತೆ ಉಣ್ಣೆಯ ಚೀಲವನ್ನು ನಡುಮನೆಗೆ ತಂದರು. ಉಣ್ಣೆಯನ್ನು ಬಿಡಿಸಿ, ಕಸಕಡ್ಡಿ ಆರಿಸಿ, ಬಿಲ್ಲಿನಿಂದ ಬಡಿದು ಹಿಂಜಿ, ಸಣ್ಣ ಸಣ್ಣ ಸುರುಳಿ ಮಾಡಿಟ್ಟರು. ರಾಟೆಯನ್ನು ನನ್ನ ಮುಂದೆ ತಳ್ಳಿದರು. ನನಗೆ ಬರುವುದಿಲ್ಲ ಎಂದೆ. "ನನಗೂ ಹುಟ್ಟಿದ ದಿನ ಬರ್ತಿರ್ಲಿಲ್ಲ," ಎಂದರು. ನಾನು ಎಳೆದ ಎಳೆ ಮೊದಮೊದಲು ಹರಿದು ಹೋಗುತ್ತಿತ್ತು. ಹರಿಯಬಾರದು ಅಂತ ಬಿಗಿಯಾಗಿ ತಿರುಚುತ್ತಿದ್ದೆ, ಆಗ ಅದು ತಂತಿಯಾಗಿ ಗಂಟು ಬೀಳುತ್ತಿತ್ತು. "ಸಡಿಲ ಬಿಡು, ಅದು ಮರಿ ಉಣ್ಣೆ," ಎಂದು ಅತ್ತೆ ಹೇಳುತ್ತಲೇ ಇದ್ದರು. ನನ್ನ ಬೆರಳಿಗೆ ಸಡಿಲ ಅಂದರೇನು, ಬಿಗಿ ಅಂದರೇನು ಎಂದು ತಿಳಿಯುವಂತಿದ್ದರೆ ತಾನೇ?

ಕೈಗೆ ಕೆಲಸ ಸಿಕ್ಕಿದರೆ ಮನಸ್ಸು ಸರಿಹೋಗುತ್ತದೆ ಎಂದು ಇಲ್ಲಿ ಬರೆದರೆ ಪಾರ್ಕಿನವರಿಗೆ ಖುಷಿಯಾಗುತ್ತದೆ. ಸುಳ್ಳು. ನನಗೇನೂ ಸರಿಹೋಗಲಿಲ್ಲ. ಹೊತ್ತು ಹೋಯಿತು, ಅಷ್ಟೇ. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಸಂಜೆಗೆ ಬಂದು ಮುಟ್ಟುತ್ತಿದ್ದೆ. ಕೆಲವು ಕಾಲದಲ್ಲಿ ಅದೇ ದೊಡ್ಡದು. ಅತ್ತೆ ಕೂಸಿನ ಮಾತು ಎತ್ತುತ್ತಿರಲಿಲ್ಲ, ನನ್ನನ್ನು ಸಮಾಧಾನ ಮಾಡುತ್ತಿರಲಿಲ್ಲ, ದೇವರ ಇಚ್ಛೆ ಅನ್ನುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದರು. ಈ ಮುದುಕಿಗೆ ಏನೂ ಅನ್ನಿಸಿಲ್ಲವೇ, ಮೊಮ್ಮಗಳು ಹೋದದ್ದು ಇವರಿಗೆ ಲೆಕ್ಕಕ್ಕೇ ಇಲ್ಲವೇ ಎಂದು ಒಮ್ಮೊಮ್ಮೆ ತೋಚುತ್ತಿತ್ತು. ತೋಚಿದ್ದು ಹಾಗೇ ಹೊರಟುಹೋಗುತ್ತಿತ್ತು.

ಆ ಕಾಲದಲ್ಲಿ ಸುಗ್ಗಿ ಮುಗಿದ ಹೊಲಗಳಿಗೆ ಹೊಸದುರ್ಗದ ಕಡೆಯ ಕುರಿಗಾರರು ಮಂದೆ ಹೊಡೆದುಕೊಂಡು ಬರುತ್ತಿದ್ದರು. ಕುರಿ ತಂಗಿದ ಹೊಲಕ್ಕೆ ಗೊಬ್ಬರವಾಗುತ್ತದೆ, ಹಾಗಾಗಿ ರೈತರೇ ಕರೆಸುತ್ತಿದ್ದರು. ಒಂದು ಬೆಳಿಗ್ಗೆ ಅತ್ತೆ ನೂಲಿನ ಉಂಡೆಗಳನ್ನೆಲ್ಲ ಗಂಟು ಕಟ್ಟಿ ರಸ್ತೆಗೆ ಬಂದರು. ನಾನೂ ಹಿಂದೆ ಇದ್ದೆ. ಅವರ ತವರೂರಿನ ಕುರಿಗಾರನೊಬ್ಬ ಮಂದೆ ತಿರುಗಿಸಿಕೊಂಡು ಊರಿಗೆ ಹೊರಟಿದ್ದ.

"ನಮ್ಮಣ್ಣಂಗೆ ಕೊಡಪ್ಪ. ಮರಿ ಉಣ್ಣೆ ನೂಲು ಅಂತ ಹೇಳು."

"ಓಹೋ, ತೊಟ್ಟಿಲ ಕಂಬಳಿಗಾ? ಕೂಸು ಹೆಂಗೈತಕ್ಕ?"

"ಐತಪ್ಪ," ಎಂದರು ಅತ್ತೆ. "ಚೆನ್ನಾಗೈತೆ."

ಅವನು ಗಂಟನ್ನು ಹೆಗಲಿಗೆ ಹಾಕಿಕೊಂಡು ಕುರಿಗಳ ಹಿಂದೆ ಹೋದ. ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಸುಳ್ಳು ಹೇಳಿದರು ಎಂದುಕೊಂಡೆ. ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ. ಇಬ್ಬರೂ ಮನೆಗೆ ಬಂದು ಅಡಿಗೆ ಮಾಡಿದೆವು.

ಸಂಕ್ರಾಂತಿ ಕಳೆಯಿತು. ಹೇಳಿದಂತೆ ಅಣ್ಣ ಬಂದ. ನನ್ನ ಸೀರೆಗಳನ್ನು ಟ್ರಂಕಿಗೆ ತುಂಬಿದ್ದೆ. ಅತ್ತೆ ಬೆಳಿಗ್ಗೆಯೇ ಎದ್ದು ಬುತ್ತಿ ಕಟ್ಟಿಟ್ಟಿದ್ದರು. ಯಜಮಾನರು ಕೆಲಸಕ್ಕೆ ಹೋಗದೆ ಜಗಲಿಯಲ್ಲಿ ಕೂತಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಟ್ರಂಕನ್ನು ಅಣ್ಣ ಬಾಗಿಲಿಗೆ ತಂದಿಟ್ಟಿದ್ದ. ಆಗ ಬೀದಿಯ ತುದಿಯಲ್ಲಿ ದೊಡ್ಡಮಾವ ಕಾಣಿಸಿದರು. ಹೆಗಲ ಮೇಲೆ ಒಂದು ಬಟ್ಟೆಗಂಟು. ದೂರದಿಂದಲೇ ನಗುತ್ತಿದ್ದರು.

"ಎಲ್ರೇ ನಮ್ಮವ್ವ? ಎಲ್ಲಿ ಮಲಗವ್ಳೆ?" ಎನ್ನುತ್ತಾ ಒಳಗೆ ಬಂದರು. ಅವರಿಗೆ ನಮ್ಮ ಮುಖ ನೋಡುವಷ್ಟು ವ್ಯವಧಾನ ಇರಲಿಲ್ಲ. ಚಾಪೆಯ ಮೇಲೆ ಕೂತು ಗಂಟು ಬಿಚ್ಚಿ ಕಂಬಳಿ ಹರಡಿದರು. ಸಣ್ಣದು, ಒಂದು ತೊಟ್ಟಿಲಿಗೆ ಆಗುವಷ್ಟು. ನೂಲಿಗೆ ಹಾಕಿದ ಹುಣಸೆ ಬೀಜದ ಗಂಜಿಯ ವಾಸನೆ ಇನ್ನೂ ಇತ್ತು. ದೊಡ್ಡಮಾವ ಅಂಚನ್ನು ಎತ್ತಿ ನನಗೆ ತೋರಿಸಿದರು.

"ನೂಲಿನಾಗೆ ಒಂದಿಷ್ಟು ಬಿಗಿ ನೂತಿದ್ರು. ನೀನೇ ಇರ್ಬೇಕು, ಹೊಸ ಕೈ. ಅದು ಚುಚ್ತೈತೆ ಕಣವ್ವ. ಎಸೆಯಕ್ಕೆ ಮನಸು ಬರ್ಲಿಲ್ಲ, ತಾಯಿ ನೂತಿದ್ದು. ಅದನ್ನೆಲ್ಲ ಆರಿಸಿ ಆರಿಸಿ ಅಂಚಿಗೆ ಹಾಕೀನಿ. ನಡುವೆ ಬರೀ ಮೆತ್ತಂದು. ಕೂಸಿನ ಕೆನ್ನೆಗೆ ತಾಗಬಾರ್ದು ನೋಡು."

ನಾನು ಅಂಚಿನ ಮೇಲೆ ಬೆರಳಾಡಿಸಿದೆ. ಒರಟಾಗಿ ಚುಚ್ಚಿತು. ಚುಚ್ಚಿದ್ದು ನನಗೆ ಗೊತ್ತಾಯಿತು.

"ದೊಡ್ಡಮಾವ, ಕೂಸು ಇಲ್ಲ," ಎಂದೆ. "ದೀಪಾವಳಿ ಕಳೆದ ಮೇಲೆ ಜ್ವರ ಬಂತು. ಹೋಯ್ತು."

ಅಲ್ಲಿಯವರೆಗೆ ಆ ಮಾತನ್ನು ನನ್ನ ಬಾಯಲ್ಲಿ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾರಿಗೆ ಹೇಳಬೇಕಿತ್ತು? ದೊಡ್ಡಮಾವ ನನ್ನ ಮುಖವನ್ನೇ ನೋಡಿದರು, ಆಮೇಲೆ ತಂಗಿಯ ಮುಖ ನೋಡಿದರು. ಕಂಬಳಿಯನ್ನು ಮತ್ತೆ ಮಡಿಚಲು ಹೋದರು. ಅದನ್ನೇ ಮುಖಕ್ಕೆ ಒತ್ತಿಕೊಂಡು ಗಟ್ಟಿಯಾಗಿ ಅತ್ತರು. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ಜಗಲಿಯಲ್ಲಿದ್ದ ಯಜಮಾನರು ಎದ್ದು ಬಂದು ಮಾವನ ಬೆನ್ನ ಮೇಲೆ ಕೈ ಇಟ್ಟರು. ಅವರ ಕಣ್ಣಲ್ಲೂ ನೀರಿತ್ತು.

ಅಣ್ಣನಿಗೆ ತಡೆಯಲಾಗಲಿಲ್ಲ. "ಏನತ್ತೆ ಇದು? ಕೂಸು ಹೋಗಿದ್ದು ಗೊತ್ತಿದ್ದೂ ನೂಲು ಕಳ್ಸಿದ್ರಾ? ಅಷ್ಟು ದೂರದಿಂದ ಪಾಪ ಆ ಮನುಷ್ಯ ನಕ್ಕಂತ ಬಂದವ್ರೆ. ಒಂದು ಮಾತು ಹೇಳಿ ಕಳ್ಸಬಾರ್ದಿತ್ತಾ? ಏನ್ ಮನಸು ನಿಮ್ದು!"

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಅಷ್ಟು ಹೊತ್ತೂ ಕಂಬಳಿಯನ್ನೇ ನೋಡುತ್ತಿದ್ದವರು ತಲೆ ಎತ್ತಿದರು.

"ಇಲ್ಲಿ ಹೋಯ್ತು ಕಣಪ್ಪ," ಎಂದರು. "ನಿಮ್ಮ ಹೊಳಲ್ಕೆರೆಯಾಗೂ ಹೋಯ್ತು. ನಮ್ಮಣ್ಣನ ಮನೆಯಾಗ್ ಮಾತ್ರ ಕೂಸು ಇನ್ನೂ ಇತ್ತು. ಅಲ್ಲಾದ್ರೂ ಇನ್ನೊಂದೀಟು ದಿನ ಇರ್ಲಿ ಅಂತ ಸುಮ್ಕಿದ್ದೆ."

ದೊಡ್ಡಮಾವನ ಅಳು ನಿಂತಿತು. ನಾನು ಅತ್ತೆಯನ್ನು ನೋಡಿದೆ. ಅವರ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು, ಕುಪ್ಪಸ ಸಡಿಲವಾಗಿತ್ತು. ಇಷ್ಟು ದಿನ ನನಗೆ ಉಣ್ಣು ಉಣ್ಣು ಎಂದವರು ತಾವು ಏನು ಉಂಡಿದ್ದರೋ. ಎಲ್ಲರೂ ನನ್ನನ್ನು ಅಳು ಅಂದರು, ತವರಿಗೆ ಕರೆದರು, ನನಗಾಗಿ ಹರಕೆ ಕಟ್ಟಿದರು. ಇವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ರಸ್ತೆಯಲ್ಲಿ ನಿಂತು, ಐತೆ, ಚೆನ್ನಾಗೈತೆ ಎಂದು ಹೇಳಿದಾಗ ಅವರಿಗೆ ಹೇಗಾಗಿರಬೇಕು? ನನಗೆ ನೋವಾಯಿತು. ಅಷ್ಟು ದಿನಗಳಲ್ಲಿ ಮೊದಲ ಸಲ ಎದೆಯೊಳಗೆ ನೋವಾಯಿತು. ಮೊದಲು ಅತ್ತೆಗಾಗಿ, ಆಮೇಲೆ ನನ್ನ ಕೂಸಿಗಾಗಿ.

ಅಣ್ಣನ ದನಿ ಮೆತ್ತಗಾಗಿತ್ತು. "ಏಳು, ಹೋಗಾಣ. ಬಸ್ಸಿನ ಹೊತ್ತಾಯ್ತು," ಎಂದ.

"ನೀನು ಹೋಗಣ್ಣ," ಎಂದೆ. "ಅಮ್ಮಂಗೆ ಹೇಳು, ಯುಗಾದಿಗೆ ಇಬ್ರೂ ಬಂದು ಹೋಗ್ತೀವಿ ಅಂತ."

ಅವನು ನನ್ನನ್ನೇ ನೋಡಿದ. ಯಜಮಾನರು ಬಾಗಿಲಲ್ಲಿದ್ದ ಟ್ರಂಕನ್ನು ಎತ್ತಿ ಒಳಕೋಣೆಗೆ ಒಯ್ದರು.

ನಾನು ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟೆ. ಮುದ್ದೆ ತೊಳಸಿ, ಕಟ್ಟಿ, ಎಲ್ಲರಿಗೂ ತಟ್ಟೆ ಇಟ್ಟೆ. ದೊಡ್ಡಮಾವ, ಅಣ್ಣ, ಯಜಮಾನರು ಬಂದು ಕೂತರು. ಅತ್ತೆ ಕೂತಲ್ಲಿಂದ ಏಳಲಿಲ್ಲ.

"ಏಳ್ರಿ ಅತ್ತೆ, ಉಣ್ಣಾಣ."

"ಹಸಿವಿಲ್ಲ ಕಣವ್ವ."

"ಹಸಿವು ಯಾರ್ ಕೇಳಿದ್ರು? ಏಳ್ರಿ."

ಅತ್ತೆ ಎದ್ದು ಬಂದು ನನ್ನ ಪಕ್ಕ ಕೂತರು. ಅವರ ತಟ್ಟೆಗೆ ಮುದ್ದೆ ಇಡಲು ಹೋದಾಗ ಹಳೆಯ ಗಾಯದ ಮೇಲೆ ಬಿಸಿ ತಾಗಿ, ಅಯ್ಯೋ ಎಂದು ಕೈ ಎಳೆದುಕೊಂಡೆ. ಅತ್ತೆ ಗಾಬರಿಯಿಂದ ನನ್ನ ಕೈ ಹಿಡಿದು, "ಸುಡ್ತೇನವ್ವ?" ಎಂದು ಕೇಳಿದರು.

"ಹೂಂ, ಸುಡ್ತು," ಎಂದೆ. ಆಗ ಇಬ್ಬರಿಗೂ ಅಳು ಬಂತು.